ಶಿವಮೊಗ್ಗದಲ್ಲಿ ಕಂಪನಿ ಇಲ್ಲ

ಆಯನೂರಿನ ಸರ್ಕಲ್ಲಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತರೆ ವಾರದಲ್ಲಿ ಎರಡು ಸಲವಾದರೂ ಈ ನೋಟ ಕಣ್ಣಿಗೆ ಬೀಳುತ್ತದೆ. ಲಗೇಜ್ ಆಟೋದಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಒಂದು ಬೈಕು, ಪಕ್ಕದಲ್ಲಿ ಅದರ ಹ್ಯಾಂಡಲ್ ಹಿಡಿದು ಕೂತ ಯಜಮಾನ. ಎಲ್ಲಿಗೆ ಅಂತ ಕೇಳಿದರೆ "ಕಂಪನಿಗೆ ಬಿಟ್ಟು ಬರ್ತೀನಿ" ಅನ್ನುತ್ತಾನೆ. ಆಟೋ ಹೊರಡುವ ಜಾಗದಿಂದ ನೂರು ಹೆಜ್ಜೆಯಲ್ಲಿ ಒಬ್ಬ ಮೆಕ್ಯಾನಿಕ್ ತನ್ನ ಶೆಡ್ಡಿನ ಬಾಗಿಲು ಎತ್ತುತ್ತಿರುತ್ತಾನೆ. ಅದೇ ಬೈಕಿನ ಬ್ರೇಕ್ ಶೂ, ಕ್ಲಚ್ ಕೇಬಲ್, ಚೈನು ಬದಲಿಸಿದವನು ಅವನೇ. ಅವನನ್ನು ದಾಟಿಕೊಂಡು ಆಟೋ ತ್ಯಾವರೆಕೊಪ್ಪದ ಕಡೆ ಹೋಗುತ್ತದೆ, ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಶಿವಮೊಗ್ಗಕ್ಕೆ.

ಕಂಪನಿ ಅನ್ನುವ ಆ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿ. ಶಿವಮೊಗ್ಗದಲ್ಲಿ ಯಾವ ಬೈಕ್ ಕಂಪನಿಯೂ ಇಲ್ಲ. ಟಿವಿಎಸ್‌ನ ಕಾರ್ಖಾನೆಗಳಿರುವುದು ಹೊಸೂರು, ಮೈಸೂರುಗಳಲ್ಲಿ. ಹೋಂಡಾದ್ದು ಕೋಲಾರದ ನರಸಾಪುರದಲ್ಲಿ. ಬಜಾಜ್ ಪುಣೆ ಹತ್ತಿರದ ಚಾಕಣದಲ್ಲಿ, ಹೀರೋ ಹರಿಯಾಣದ ಧಾರೂಹೇಡಾ, ಗುರುಗ್ರಾಮಗಳಲ್ಲಿ. ಶಿವಮೊಗ್ಗದಲ್ಲಿ ಇರುವವರು ಡೀಲರುಗಳು. ಅಂದರೆ ಬ್ಯಾಂಕಿನಲ್ಲಿ ಸಾಲ ಮಾಡಿ, ಕಂಪನಿಯ ಜೊತೆ ಕರಾರು ಬರೆದುಕೊಂಡು, ಕಂಪನಿಯಿಂದ ಗಾಡಿ ಕೊಂಡು ನಮಗೆ ಮಾರುವ ವ್ಯಾಪಾರಿಗಳು. ಆಯನೂರಿನ ಸಬ್ ಡೀಲರ್ ಎಷ್ಟು ವ್ಯಾಪಾರಿಯೋ ಅವರೂ ಅಷ್ಟೇ ವ್ಯಾಪಾರಿಗಳು. ಗಾಜಿನ ಗೋಡೆ, ಎಸಿ, ಸಮವಸ್ತ್ರ ಇದ್ದಲ್ಲಿಗೆ ನಾವು ಕಂಪನಿ ಎಂಬ ಹೆಸರು ಕೊಟ್ಟೆವು. ತಗಡಿನ ಶೆಡ್ಡಿಗೆ ಅಂಗಡಿ ಎಂದೆವು. ಅಲ್ಲಿಗೆ ನಂಬಿಕೆಯ ಹಂಚಿಕೆ ಮುಗಿಯಿತು.

ನಮ್ಮ ಕಡೆ ಈಗ ಎರಡು ಮಾತು ವೇದವಾಕ್ಯದ ಹಾಗೆ ಓಡಾಡುತ್ತಿವೆ. ಗಿರಾಕಿಗಳು ಹೇಳುವುದು ಒಂದು: ದೊಡ್ಡ ಶೋರೂಮಿನಲ್ಲಿ ತಗೊಂಡರೆ ಸರ್ವಿಸ್ ಚೆನ್ನಾಗಿರುತ್ತದೆ. ಮಾರುವವರು ಹೇಳುವುದು ಇನ್ನೊಂದು: ಈಗಿನ ಗಿರಾಕಿಗೆ ನಿಯತ್ತಿಲ್ಲ, ಐನೂರು ರೂಪಾಯಿ ಕಡಿಮೆ ಅಂದರೆ ಭದ್ರಾವತಿಗೆ ಹೋಗಿ ತಗೊಂಡು ಬರುತ್ತಾನೆ. ಈ ಎರಡೂ ಸುಳ್ಳು ಎಂದು ನನ್ನ ವಾದ. ಅಷ್ಟೇ ಅಲ್ಲ, ಮೊದಲನೆಯ ಸುಳ್ಳನ್ನು ನಂಬಿದ್ದರಿಂದಲೇ ಎರಡನೆಯದು ನಿಜದಂತೆ ಕಾಣುತ್ತಿದೆ.

ನನ್ನ ಅನುಭವ ಹೇಳುತ್ತೇನೆ. ಗಾಡಿ ತಗೊಂಡು ಎರಡನೇ ಮಳೆಗಾಲ. ರಿಪ್ಪನ್‌ಪೇಟೆ ರಸ್ತೆಯಲ್ಲಿ ಸೂಡೂರು ದಾಟಿ ಬರುವಾಗ ಜೋರು ಮಳೆಯಲ್ಲಿ ಇಂಜಿನ್ ತಾನಾಗಿ ನಿಂತುಹೋಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಬಟನ್ ಒತ್ತಿದರೆ ಏನೂ ಆಗಿಲ್ಲದ ಹಾಗೆ ಹೊರಡುತ್ತಿತ್ತು. ಕಾಡಿನ ನಡುವಿನ ದಾರಿ, ಹಿಂದೆ ಹೆಂಡತಿ ಕೂತಿರುತ್ತಾಳೆ, ಕತ್ತಲಾಗುತ್ತಿರುತ್ತದೆ. ವಾರಂಟಿ ಇದ್ದುದರಿಂದ ಗಾಡಿ ತಗೊಂಡ ನಗರದ ಶೋರೂಮಿಗೇ ಒಯ್ದೆ. ಮೊದಲ ಸಲ ಪ್ಲಗ್ ಬದಲಿಸಿದರು. ಎರಡನೇ ಸಲ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಮೂರನೇ ಸಲ ಒಂದು ರಾತ್ರಿ ಇಟ್ಟುಕೊಂಡು, "ಚೆಕ್ ಮಾಡಿದ್ವಿ ಸರ್, ಎಲ್ಲ ನಾರ್ಮಲ್ ಇದೆ" ಎಂದು ಕೊಟ್ಟರು. ಮೂರು ಸಲವೂ ಬೇರೆ ಬೇರೆ ಸೂಪರ್‌ವೈಸರ್. ಮೂರು ಸಲವೂ ನಾನು ಕಥೆಯನ್ನು ಮೊದಲಿನಿಂದ ಹೇಳಿದೆ. ಜಾಬ್ ಕಾರ್ಡಿನಲ್ಲಿ ಮೂರು ಸಲವೂ "ಸ್ಟಾರ್ಟಿಂಗ್ ಪ್ರಾಬ್ಲಂ" ಎಂದು ಬರೆದುಕೊಂಡರು. ಮಳೆ ಎಂಬ ಶಬ್ದ ಆ ಕಾರ್ಡಿನ ಮೇಲೆ ಒಂದು ಸಲವೂ ಬರಲಿಲ್ಲ. ಆ ವರ್ಕ್‌ಶಾಪಿನ ಒಳಗೆ ಮಳೆ ಇರಲಿಲ್ಲವಲ್ಲ, ಅಲ್ಲಿ ಗಾಡಿ ನಾರ್ಮಲ್ಲೇ ಇತ್ತು.

ಆಯನೂರಿನ ನಮ್ಮ ಮೆಕ್ಯಾನಿಕ್ ಗಾಡಿಯನ್ನು ಬಿಚ್ಚಲಿಲ್ಲ. "ಅಣ್ಣಾ, ಮಳೇಲಿ ನಿಂತಾಗ ಹಂಗೇ ತಳ್ಕೊಂಡ್ ಬನ್ನಿ, ಒಣಗಿಸಬೇಡಿ" ಅಂದ. ಒಂದು ಸಂಜೆ ಹಾಗೇ ತಳ್ಳಿಕೊಂಡು ಹೋದೆ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ, ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ತೋರಿಸಿದ. ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ಆಫ್ ಮಾಡುವ ಸ್ವಿಚ್ಚು ಅದು. ನೀರು ಒಳಗೆ ಹೋದಾಗ ಸ್ಟ್ಯಾಂಡ್ ಇಳಿದಿದೆ ಎಂದು ತಿಳಿದು ಇಂಜಿನ್ ನಿಲ್ಲಿಸುತ್ತಿತ್ತು. ಅದನ್ನು ಕಿತ್ತು ತಂತಿ ಜೋಡಿಸಿಬಿಡುವುದು ಅವನಿಗೆ ಐದು ನಿಮಿಷದ ಕೆಲಸ. ಮಾಡಲಿಲ್ಲ. "ಇದು ವಾರಂಟಿಲಿ ಬರುತ್ತೆ, ನಾನು ಮುಟ್ಟಿದ್ರೆ ನಿಮಗೇ ಲಾಸು" ಎಂದು ಬಿಲ್ ಪುಸ್ತಕದ ಹಿಂಬದಿಯಲ್ಲಿ ಆ ಸ್ವಿಚ್ಚಿನ ಹೆಸರು ಬರೆದು ಕೊಟ್ಟ. ಶೋರೂಮಿನಲ್ಲಿ ಆ ಚೀಟಿ ತೋರಿಸಿದೆ. ಒಂದು ಗಂಟೆಯಲ್ಲಿ ಹೊಸ ಸ್ವಿಚ್ ಹಾಕಿ ಕೊಟ್ಟರು.

ಎರಡು ದಿನ ಬಿಟ್ಟು ಫೋನ್ ಬಂತು. ನಮ್ಮ ಸರ್ವಿಸಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ? ಗಾಡಿ ವಾಪಸ್ ಕೊಡುವಾಗಲೇ ಅಲ್ಲಿನ ಹುಡುಗ ಕೈಮುಗಿದು ಹೇಳಿದ್ದ, "ಸರ್, ಹತ್ತೇ ಹೇಳಿ, ಒಂಬತ್ತು ಅಂದ್ರೂ ನಮಗೆ ಇನ್ಸೆಂಟಿವ್ ಹೋಗುತ್ತೆ." ಆ ಹುಡುಗನ ಮುಖ ನೆನಪಾಗಿ ಹತ್ತು ಎಂದೆ. ಆಯನೂರಿನ ಶೆಡ್ಡಿಗೆ ಸಲ್ಲಬೇಕಾಗಿದ್ದ ಹತ್ತು ಅಂಕ ಶಿವಮೊಗ್ಗದ ಲೆಕ್ಕಕ್ಕೆ ಜಮೆಯಾಯಿತು. ಗುರುಗ್ರಾಮದಲ್ಲೋ ಹೊಸೂರಿನಲ್ಲೋ ಯಾರೋ ಒಬ್ಬರು ಆ ಅಂಕ ನೋಡಿ, ಶಿವಮೊಗ್ಗ ಭಾಗದಲ್ಲಿ ಗ್ರಾಹಕರು ತೃಪ್ತರು ಎಂದು ತಿಳಿದಿರುತ್ತಾರೆ.

ಈ ಅಂಕದ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಗಿರಾಕಿಯ ನಿಷ್ಠೆಯನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು ಎಂದು 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಎಂಬ ಸಲಹೆಗಾರರು ಬರೆದರು. ನಿಮ್ಮ ಸ್ನೇಹಿತರಿಗೆ ನಮ್ಮನ್ನು ಶಿಫಾರಸು ಮಾಡುತ್ತೀರಾ, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಒಂಬತ್ತು, ಹತ್ತು ಅಂದವರು ಮಾತ್ರ ನಿಮ್ಮವರು. ಏಳು, ಎಂಟು ಲೆಕ್ಕಕ್ಕಿಲ್ಲ. ಆರು ಮತ್ತು ಅದಕ್ಕಿಂತ ಕೆಳಗಿನವರು ನಿಮ್ಮ ವಿರೋಧಿಗಳು. ಕೇಳಿಸಿಕೊಳ್ಳುವುದಕ್ಕೆ ಹುಟ್ಟಿದ ಪ್ರಶ್ನೆ ಅದು. ಅದನ್ನು ಸಂಬಳಕ್ಕೆ ಗಂಟು ಹಾಕಿದ ದಿನವೇ ಅದು ಕಿವುಡಾಯಿತು. ಹದಿನೈದು ಸಾವಿರ ಸಂಬಳದ ಹುಡುಗನ ಹೊಟ್ಟೆಯ ಮೇಲೆ ಅಂಕವನ್ನು ಇಟ್ಟರೆ ಅವನು ಗಾಡಿಯನ್ನು ನೋಡುವುದಿಲ್ಲ, ಅಂಕವನ್ನು ನೋಡುತ್ತಾನೆ. ನಾವೂ ಕನಿಕರದಿಂದ ಸುಳ್ಳು ಹೇಳುತ್ತೇವೆ. ನಮ್ಮ ಊರಿನ ಮೆಕ್ಯಾನಿಕ್ ಇಂಥ ಫೋನು ಯಾರಿಗೂ ಮಾಡುವುದಿಲ್ಲ. ಅವನ ಕೆಲಸ ಕೆಟ್ಟರೆ ನಾನು ಹಾಲಿನ ಡೇರಿಯ ಮುಂದೆ ಎದುರಿಗೇ ಸಿಗುತ್ತೇನೆ.

ದೊಡ್ಡ ಶೋರೂಮಿನಲ್ಲಿ ಕೆಟ್ಟವರು ತುಂಬಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕೈ ಎಣ್ಣೆ ಮಾಡಿಕೊಂಡು ದುಡಿಯುವ ಹುಡುಗರಲ್ಲಿ ಅನೇಕರು ಇಂಥದೇ ಹಳ್ಳಿ ಶೆಡ್ಡುಗಳಲ್ಲಿ ಸ್ಪ್ಯಾನರ್ ಹಿಡಿದು ಕಲಿತವರು. ತೊಂದರೆ ಇರುವುದು ಆ ವ್ಯಾಪಾರದ ಕಟ್ಟಡದಲ್ಲಿ. ಅಲ್ಲಿ ನಾಲ್ಕು ಮೇಜುಗಳಿರುತ್ತವೆ: ಮಾರಾಟ, ಸಾಲ, ವಿಮೆ, ಸರ್ವಿಸ್. ಪ್ರತಿ ಮೇಜಿಗೂ ತಿಂಗಳ ಟಾರ್ಗೆಟ್ ಬೇರೆ. ಗಾಡಿ ಮಾರಿದವನಿಗೆ ಅದು ಕೆಟ್ಟಾಗ ಏನೂ ಆಗುವುದಿಲ್ಲ. ಅಷ್ಟರಲ್ಲಿ ಅವನು ಇನ್ನೊಂದು ಶೋರೂಮಿಗೆ ಹೋಗಿರುತ್ತಾನೆ. ಸರ್ವಿಸ್ ಮೇಜಿನವನಿಗೆ ಮಾರುವಾಗ ಕೊಟ್ಟ ಮಾತು ಗೊತ್ತಿಲ್ಲ. ಮಾಲೀಕರನ್ನು ನಾವು ನೋಡುವುದು ಉದ್ಘಾಟನೆಯ ಜಾಹೀರಾತಿನ ಫೋಟೋದಲ್ಲಿ. ಆಯನೂರಿನ ಸಬ್ ಡೀಲರ್ ಅಂಗಡಿಯಲ್ಲಿ ಈ ನಾಲ್ಕು ಮೇಜೂ ಒಂದೇ. ಗಾಡಿ ತೋರಿಸಿದವನೇ ಸಾಲದ ಕಾಗದ ತುಂಬಿಸುತ್ತಾನೆ, ಅವನೇ ನಂಬರ್ ಪ್ಲೇಟ್ ಬಂತು ಅಂತ ಫೋನ್ ಮಾಡುತ್ತಾನೆ, ಅವನೇ ಬೈಗುಳ ತಿನ್ನುತ್ತಾನೆ. ಬೈಗುಳಕ್ಕೆ ಒಂದು ವಿಳಾಸ ಇರುವುದನ್ನೇ ನಾನು ಸೇವೆ ಎನ್ನುತ್ತೇನೆ.

ಇನ್ನು ನೆನಪಿನ ವಿಷಯ. ಶೋರೂಮಿನ ಕಂಪ್ಯೂಟರಿನಲ್ಲಿ ನನ್ನ ಗಾಡಿಯ ಇತಿಹಾಸ ಪೂರ್ತಿ ಇದೆ ಎನ್ನುತ್ತಾರೆ. ಇರುವುದು ಬಿಲ್ಲುಗಳ ಇತಿಹಾಸ. ಯಾವ ದಿನ ಆಯಿಲ್ ಬದಲಾಯಿತು, ಎಷ್ಟು ಕಿಲೋಮೀಟರ್ ಆಗಿತ್ತು, ಏನು ಹಾಕಿದರು. ನಮ್ಮ ಮೆಕ್ಯಾನಿಕ್‌ನ ತಲೆಯಲ್ಲಿ ಇರುವುದು ಬೇರೆ. ಮಂಡಘಟ್ಟದ ಕಡೆಯ ಇವರು ದಿನಾ ಎರಡು ಹಾಲಿನ ಕ್ಯಾನು ನೇತುಹಾಕುತ್ತಾರೆ, ಆದ್ದರಿಂದ ಹಿಂದಿನ ಶಾಕ್ ಅಬ್ಸಾರ್ಬರ್ ಗಟ್ಟಿ ಮಾಡಿ ಕೊಡಬೇಕು. ಕುಂಸಿಯ ಆ ಮೇಷ್ಟ್ರು ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟೇ ಓಡಿಸುತ್ತಾರೆ, ಅವರ ಬ್ರೇಕ್ ಶೂ ಬೇಗ ಸವೆಯುತ್ತದೆ, ಮೂರು ತಿಂಗಳಿಗೊಮ್ಮೆ ನೋಡಬೇಕು. ಶುಂಠಿ ಹೊಲದ ಇವನು ಟಿವಿಎಸ್ ಎಕ್ಸ್‌ಎಲ್ ಮೇಲೆ ಮೂಟೆ ಹೇರುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ಕಡ್ಡಿಗಳನ್ನಾದರೂ ಬಿಗಿ ಮಾಡಿ ಕಳಿಸೋಣ. ಚೋರಡಿ ಕಡೆಯ ಕೆಂಪು ಧೂಳಿನಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ಹಣಗೆರೆಕಟ್ಟೆಗೆ ಹರಕೆಗೆ ಹೊರಟವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶೆಡ್ಡಿನ ಮುಂದೆ ನಿಂತರೆ, ಕೇಳದೇ ಇದ್ದರೂ ಗಾಳಿ ನೋಡಿ ಕಳಿಸುತ್ತಾನೆ. ಇದಕ್ಕೆ ಯಾವ ಜಾಬ್ ಕಾರ್ಡಿನಲ್ಲೂ ಕಾಲಂ ಇಲ್ಲ. ಗಾಡಿಯನ್ನು ರಿಪೇರಿ ಮಾಡುವುದು ಅಂದರೆ ಓಡಿಸುವವನನ್ನೂ ಅವನ ರಸ್ತೆಯನ್ನೂ ತಿಳಿದಿರುವುದು. ಒಂದೇ ಮಾಡೆಲ್ಲಿನ ಎರಡು ಬೈಕು, ಒಂದು ದುರ್ಗಿಗುಡಿಯ ಡಾಂಬರಿನ ಮೇಲೆ, ಇನ್ನೊಂದು ಅಡಿಕೆ ತೋಟದ ಒಡ್ಡಿನ ಮೇಲೆ, ಎರಡು ವರ್ಷದಲ್ಲಿ ಬೇರೆ ಬೇರೆ ಯಂತ್ರಗಳಾಗಿಬಿಡುತ್ತವೆ.

ಈ ಮಾತಿಗೆ ಬರುವ ಎದುರುತ್ತರಗಳು ನನಗೆ ಗೊತ್ತು. ಅವುಗಳಲ್ಲಿ ಮೊದಲನೆಯದು ಸ್ಕ್ಯಾನರ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾರ್ಬೋರೇಟರ್ ಹೋಯಿತು, ಫ್ಯೂಯಲ್ ಇಂಜೆಕ್ಷನ್ ಬಂತು, ಸೆನ್ಸರುಗಳು ಬಂದವು. ಕಿವಿಗೊಟ್ಟು ಸದ್ದು ಕೇಳಿ ದೋಷ ಹೇಳುವ ಕಾಲ ಹೋಯಿತು, ಹಳ್ಳಿ ಮೆಕ್ಯಾನಿಕ್‌ಗೆ ಇದು ಅರ್ಥವಾಗುವುದಿಲ್ಲ ಎನ್ನುತ್ತಾರೆ. ಯಂತ್ರ ಬದಲಾದದ್ದು ನಿಜ. ಅವನಿಗೆ ಅರ್ಥವಾಗದು ಎಂಬುದು ಸುಳ್ಳು. ಅವನಿಗೆ ಆ ಉಪಕರಣ ಸಿಗುವುದಿಲ್ಲ, ಅಷ್ಟೇ. ಕಂಪನಿಯ ಸ್ಕ್ಯಾನರ್, ಅದರ ಸಾಫ್ಟ್‌ವೇರ್, ವೈರಿಂಗ್ ನಕ್ಷೆ ಇವೆಲ್ಲ ಅಧಿಕೃತ ಡೀಲರುಗಳ ಬೀಗದ ಒಳಗಿವೆ. ಬೀಗ ಹಾಕಿಟ್ಟು, ಹೊರಗೆ ನಿಂತವನನ್ನು ದಡ್ಡ ಎನ್ನುವುದು ಯಾವ ನ್ಯಾಯ?

ಈ ಬೀಗದ ಬಗ್ಗೆ ದೇಶದ ಸ್ಪರ್ಧಾ ಆಯೋಗ ಹಿಂದೆಯೇ ಮಾತಾಡಿದೆ. 2014ರ ಆಗಸ್ಟ್ 25ರಂದು ಅದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ತಪ್ಪೇನು? ಬಿಡಿಭಾಗ, ರಿಪೇರಿ ಮಾಹಿತಿ, ಉಪಕರಣಗಳನ್ನು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿ ಗಿರಾಕಿಯನ್ನು ಕಟ್ಟಿಹಾಕಿದ್ದು. ಅದು ಕಾರುಗಳ ಪ್ರಕರಣ, ಬೈಕಿನದಲ್ಲ. ಆದರೆ ಕಾರಿಗೆ ಅನ್ಯಾಯವಾದದ್ದು ಬೈಕಿಗೆ ನ್ಯಾಯವಾಗುವುದು ಹೇಗೆ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಆಯನೂರಿನ ಶೆಡ್ಡಿಗೆ ಆ ಹಕ್ಕು ಇನ್ನೂ ಬಂದು ತಲುಪಿಲ್ಲ.

ಎರಡನೆಯ ಎದುರುತ್ತರ, ಸಣ್ಣ ಅಂಗಡಿಗಳಲ್ಲಿ ಮೋಸ. ಡೂಪ್ಲಿಕೇಟ್ ಪಾರ್ಟ್ಸ್ ಹಾಕುತ್ತಾರೆ, ಹಳೇ ಆಯಿಲ್ ಸೋಸಿ ಹಾಕುತ್ತಾರೆ, ರಿಜಿಸ್ಟ್ರೇಷನ್ ತಡ ಮಾಡುತ್ತಾರೆ. ಮಾಡುವವರು ಇದ್ದಾರೆ. ನಮ್ಮ ಹೋಬಳಿಯಲ್ಲೇ ಅಂಥ ಒಬ್ಬನ ಅಂಗಡಿ ಎರಡು ವರ್ಷಕ್ಕೆ ಮುಚ್ಚಿತು, ಯಾಕೆಂದರೆ ಬೆಳಿಗ್ಗೆ ಹಾಕಿದ ಕಳಪೆ ಚೈನು ಸಂಜೆ ಸಂತೆಯಲ್ಲಿ ಸುದ್ದಿಯಾಗುತ್ತದೆ. ದೊಡ್ಡ ಕಡೆಯ ಮೋಸಕ್ಕೆ ಮುದ್ರಿತ ಬಿಲ್ ಇರುತ್ತದೆ, ಅದು ಮೋಸದ ಹಾಗೆ ಕಾಣುವುದೇ ಇಲ್ಲ. ಫ್ರೀ ಸರ್ವಿಸ್ ಎಂದು ಕರೆದು ಕೇಳದ ಪಾಲಿಶ್, ಕೇಳದ ಕೋಟಿಂಗ್ ಸೇರಿಸುವುದು. ಆನ್ ರೋಡ್ ಬೆಲೆಯಲ್ಲಿ 'ಹ್ಯಾಂಡ್ಲಿಂಗ್' ಎಂದು ಒಂದು ಸಾಲು ಬರೆಯುವುದು. ಬೈಕ್ ಕೊಂಡವರಿಗೆ ಬಿಐಎಸ್ ಗುರುತಿನ ಹೆಲ್ಮೆಟ್ಟನ್ನು ತಯಾರಕರೇ ಒದಗಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿದೆ. ನಾನು ಗಾಡಿ ತಗೊಂಡ ಕಡೆ ಹೆಲ್ಮೆಟ್ಟಿಗೆ ಬೇರೆ ದುಡ್ಡು ಹಿಡಿದರು, ನಿಯಮ ಗೊತ್ತಿಲ್ಲದ ನಾನು ಕೊಟ್ಟೆ. ವಿಮೆಯದೂ ಇದೇ ಕಥೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಯಾವ ವಿಮಾ ಕಂಪನಿಯಲ್ಲಿ ಮಾಡಿಸಬೇಕು ಎಂದು ಡೀಲರ್ ಒತ್ತಾಯ ಮಾಡುವಂತಿಲ್ಲ. ಎಷ್ಟು ಜನರಿಗೆ ಅಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುತ್ತಾರೆ?

ಮೂರನೆಯ ಎದುರುತ್ತರವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡುವುದು ಅದೊಂದೇ. ಊರಿನ ಅಂಗಡಿಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಪರಿಚಯ ಎಂದರೆ ಜಾತಿ, ಜಮೀನು, ಅಪ್ಪನ ಹೆಸರು ಎಲ್ಲದರ ಪರಿಚಯ. ಗೌಡರ ಮಗನಿಗೆ ಸಾಲ ಬಿಡುವ ಅಂಗಡಿ ಕೂಲಿಯವನ ಮಗನಿಗೆ ಮುಂಗಡ ಕೇಳುತ್ತದೆ. ಸ್ಕೂಟಿ ತಗೊಳ್ಳಲು ಬಂದ ಅಂಗನವಾಡಿ ಟೀಚರ್ ಪ್ರಶ್ನೆ ಕೇಳಿದರೆ ಅಂಗಡಿಯವನು ಉತ್ತರ ಕೊಡುವುದು ಜೊತೆಗೆ ಬಂದ ಅವರ ತಮ್ಮನಿಗೆ. ಶಿವಮೊಗ್ಗದ ಶೋರೂಮಿನಲ್ಲಿ ಅವರಿಗೆ ಕುರ್ಚಿ ಕೊಟ್ಟು ಮೇಡಂ ಎನ್ನುತ್ತಾರೆ, ಯಾರ ಮನೆಯವರು ಎಂದು ಕೇಳುವುದಿಲ್ಲ. ಅಪರಿಚಿತರಾಗಿರುವುದರಲ್ಲೂ ಒಂದು ಘನತೆ ಇದೆ. ಅದನ್ನು ಅರಸಿ ನಗರಕ್ಕೆ ಹೋಗುವವರನ್ನು ನಾನು ಒಂದು ಮಾತೂ ಅನ್ನಲಾರೆ. ನಮ್ಮ ಸಣ್ಣ ಅಂಗಡಿಯವರು ತಲೆತಗ್ಗಿಸಬೇಕಾದ ಜಾಗ ಇದು, ಸ್ಕ್ಯಾನರ್ ಇಲ್ಲದಿರುವುದಲ್ಲ. ಬೆಲೆಪಟ್ಟಿಯನ್ನು ಗೋಡೆಗೆ ಹಚ್ಚಿ, ಸಾಲದ ನಿಯಮ ಎಲ್ಲರಿಗೂ ಒಂದೇ ಮಾಡಿ, ಕೊಳ್ಳಲು ಬಂದವರ ಮುಖ ನೋಡಿ ಮಾತಾಡಲು ಗಾಜಿನ ಕಟ್ಟಡ ಬೇಕಿಲ್ಲ. ಇದನ್ನು ಅವರು ಇವತ್ತೇ ಮಾಡಬಹುದು.

ದೊಡ್ಡತನವನ್ನು ಅದರ ಕೊನೆಯವರೆಗೆ ಒಯ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ನೋಡಿದೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಡೀಲರುಗಳೇ ಬೇಡ ಎಂದಿತು. ಗಿರಾಕಿ ಫೋನಿನಲ್ಲೇ ಕೊಳ್ಳಲಿ, ಅಂಗಡಿಗಳೆಲ್ಲ ನಮ್ಮವೇ ಇರಲಿ ಎಂದಿತು. ಸ್ಕೂಟರುಗಳು ಲಕ್ಷಗಟ್ಟಲೆ ಮಾರಾಟವಾದವು. ರಿಪೇರಿಗೆ ಬಂದವು ಸರ್ವಿಸ್ ಸೆಂಟರುಗಳ ಮುಂದೆ ಸಾಲುಸಾಲಾಗಿ ನಿಂತವು. 2023ರ ಸೆಪ್ಟೆಂಬರಿನಿಂದ 2024ರ ಆಗಸ್ಟ್‌ವರೆಗಿನ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರುಗಳು ಹೋದವು. ಅದರಲ್ಲಿ 3,389 ಸರ್ವಿಸ್ ತಡವಾದದ್ದಕ್ಕೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಶೇಕಡಾ 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಇದಕ್ಕೆ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 10ರಂದು, ಕಲಬುರಗಿಯಲ್ಲಿ ಆ ಕಂಪನಿಯ ಶೋರೂಮ್ ಸುಟ್ಟುಹೋಯಿತು. ಬೆಂಕಿ ಹಚ್ಚಿದ ಆರೋಪದ ಮೇಲೆ ಪೊಲೀಸರು ಹಿಡಿದವನು ಕೆಲವೇ ವಾರಗಳ ಹಿಂದೆ ಅಲ್ಲಿ ಸ್ಕೂಟರ್ ಕೊಂಡಿದ್ದ 26 ವರ್ಷದ ಯುವಕ. ರಿಪೇರಿಗೆಂದು ಮತ್ತೆ ಮತ್ತೆ ತಿರುಗಿದ್ದ. ಅವನೇ ಸ್ವತಃ ಮೆಕ್ಯಾನಿಕ್. ಬೆಂಕಿ ಇಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ, ಒಳಗೆ ಯಾರಾದರೂ ಇದ್ದಿದ್ದರೆ ಏನು ಗತಿ? ಆದರೆ ಆ ಘಟನೆಯ ಒಂದು ಅಂಶ ನನ್ನನ್ನು ಬಿಟ್ಟಿಲ್ಲ. ಕೈಯಲ್ಲಿ ಕಸುಬು ಇರುವ ಒಬ್ಬ ಮನುಷ್ಯ ತನ್ನದೇ ಗಾಡಿಯನ್ನು ಬೇರೆಯವರು ರಿಪೇರಿ ಮಾಡಿಕೊಡಲಿ ಎಂದು ಬಾಗಿಲಿಗೆ ಅಲೆಯಬೇಕಾಯಿತು. ಆ ಬಾಗಿಲಿನ ಹಿಂದೆ ಮಾತು ಕೊಡುವ ಅಧಿಕಾರ ಇರುವ ಮಾಲೀಕ ಒಬ್ಬನೂ ಇರಲಿಲ್ಲ.

ದೊಡ್ಡದಾದರೆ ನಾಳೆಯೂ ಇರುತ್ತದೆ, ಸಣ್ಣದು ಯಾವತ್ತು ಮುಚ್ಚುತ್ತದೋ ಗೊತ್ತಿಲ್ಲ ಎಂದು ಇನ್ನೂ ಕೆಲವರು ಹೇಳುತ್ತಾರೆ. ನಮ್ಮ ಜಿಲ್ಲೆಯವರ ಬಾಯಲ್ಲಿ ಈ ಮಾತು ಬರಬಾರದು. ಬಿ.ಎಚ್. ರಸ್ತೆಯಲ್ಲಿ ಆಯನೂರಿನಿಂದ ಶಿವಮೊಗ್ಗ ದಾಟಿ ಹಾಗೇ ಮುಂದೆ ಹೋದರೆ ಭದ್ರಾವತಿ. 1936ರಲ್ಲಿ ಹುಟ್ಟಿದ ಅಲ್ಲಿನ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕೆಲಸ ಶುರು ಮಾಡಿದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ನೂರು ತುಂಬುವ ಹೊತ್ತಿಗೇ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಸಂಬಳ ನಿಂತ ಮನೆಯ ಮುಂದೆ ಇಎಂಐಗೆ ಜನ ಬಂದು ನಿಂತಾಗ, ಗಾಡಿ ರಿಪೇರಿ ಮಾಡಿ "ಆದಾಗ ಕೊಡಿ" ಎಂದವರು ಯಾರು ಎಂದು ಆ ಊರಿನವರನ್ನೇ ಕೇಳಿ.

ಬೈಕಿನ ಲೋಕದಲ್ಲೂ ಇದೇ ಆಗಿದೆ. ಜಯಚಾಮರಾಜ ಒಡೆಯರ ಬೆಂಬಲದಿಂದ ಮೈಸೂರಿನಲ್ಲಿ ಹುಟ್ಟಿದ ಐಡಿಯಲ್ ಜಾವಾ 1961ರಿಂದ ಬೈಕ್ ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಅದೇ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಶೋರೂಮುಗಳು ಬೇರೆ ಬೋರ್ಡು ಹಾಕಿಕೊಂಡವು. ಗಾಡಿ ಕೊಂಡವರು ಏನು ಮಾಡಬೇಕಿತ್ತು? ಗುಜರಿಗೆ ಹಾಕಬೇಕಿತ್ತು. ಹಾಕಲಿಲ್ಲ. ಭದ್ರಾವತಿಯಂಥ ಊರುಗಳ ಲೇತ್ ಅಂಗಡಿಗಳಲ್ಲಿ ಸಿಲಿಂಡರ್ ಬೋರ್ ಮಾಡಿಸಿ, ಸಿಗದ ಬುಷ್ಷನ್ನು ಕಡೆಸಿ, ಒಂದು ಗಾಡಿಯ ಪಾರ್ಟನ್ನು ಇನ್ನೊಂದಕ್ಕೆ ಹೊಂದಿಸಿ ಆ ಗಾಡಿಗಳನ್ನು ಮುಂದಿನ ತಲೆಮಾರಿಗೆ ದಾಟಿಸಿದವರು ಬೀದಿಬದಿಯ ಮೆಕ್ಯಾನಿಕ್‌ಗಳು. ಇಪ್ಪತ್ತು ವರ್ಷ ಕಳೆದ ಮೇಲೆ ಬೇರೆ ಹೂಡಿಕೆದಾರರು ಜಾವಾ, ಯೆಜ್ಡಿ ಹೆಸರುಗಳನ್ನು ಮತ್ತೆ ಮಾರುಕಟ್ಟೆಗೆ ತಂದರು. ಆ ಹೆಸರುಗಳಿಗೆ ಬೆಲೆ ಉಳಿದಿತ್ತು ಎಂದರೆ ಅದನ್ನು ಉಳಿಸಿದವರಿಗೆ ಯಾವ ಕಂಪನಿಯೂ ಒಂದು ರೂಪಾಯಿ ಕೊಟ್ಟಿರಲಿಲ್ಲ.

ನಿಯತ್ತಿಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಇನ್ನೊಂದು ಕೊಡುತ್ತೇನೆ. ಹೀರೋ ಮತ್ತು ಹೋಂಡಾ ಬೇರೆಯಾಗುವ ತೀರ್ಮಾನ ಮಾಡಿದ್ದು 2010ರ ಕೊನೆಗೆ. ಕಂಪನಿ ಹೆಸರು ಬದಲಿಸಿ, ಲಾಂಛನ ಬದಲಿಸಿ ಎಷ್ಟೋ ವರ್ಷವಾಯಿತು. ನಮ್ಮ ಕಡೆ ಇವತ್ತಿಗೂ ಸ್ಪ್ಲೆಂಡರ್ ಅಂದರೆ ಹೀರೋ ಹೋಂಡಾ. ಅಪ್ಪ ಓಡಿಸಿದ ಗಾಡಿಯನ್ನೇ ಮಗ ಕೇಳುತ್ತಾನೆ. ಅಪ್ಪ ಹೋಗುತ್ತಿದ್ದ ಶೆಡ್ಡಿಗೇ ಮಗ ಹೋಗುತ್ತಾನೆ. ಈ ಜನರಿಗೆ ನಿಷ್ಠೆ ಇಲ್ಲವಂತೆ!

ವ್ಯಾಪಾರದವರು ನಿಷ್ಠೆ ಎಂದು ನೆನಪಿಟ್ಟುಕೊಂಡಿರುವುದು ನಿಜಕ್ಕೂ ಬೇರೇನನ್ನೋ. ಬಜಾಜ್ ಚೇತಕ್‌ಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವ ಕಾಲವೊಂದಿತ್ತು. ಡೀಲರ್ ಮಾತಾಡಿಸಿದರೆ ಪುಣ್ಯ. ಅದು ನಿಷ್ಠೆಯಲ್ಲ, ಬೇರೆ ದಾರಿ ಇಲ್ಲದಿರುವುದು. ದಾರಿಗಳು ತೆರೆದ ಮೇಲೆ ಗಿರಾಕಿಗೆ ಬೆಲೆಯ ಪಾಠ ಕಲಿಸಿದವರೂ ವ್ಯಾಪಾರದವರೇ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಏಪ್ರಿಲ್ 1ರಿಂದ ಬಿಎಸ್-3 ವಾಹನ ಮಾರುವಂತಿಲ್ಲ ಎಂದಿತು. ದೇಶದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ವಾಹನಗಳು ಮಾರಾಟವಾಗದೆ ಉಳಿದಿದ್ದವು, ಬಹುಪಾಲು ದ್ವಿಚಕ್ರದವು. ಉಳಿದ ಎರಡು ದಿನಗಳಲ್ಲಿ ಕೆಲವು ಮಾಡೆಲ್ಲುಗಳಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ರಿಯಾಯಿತಿ ಕೊಟ್ಟರು. ಅಂಗಡಿಗಳ ಮುಂದೆ ಜಾತ್ರೆ. ಅದಕ್ಕೆ ಹದಿನೈದು ದಿನ ಮೊದಲು, ಪೂರ್ತಿ ಬೆಲೆ ಕೊಟ್ಟು ಯುಗಾದಿಗೆಂದು ಗಾಡಿ ಬುಕ್ ಮಾಡಿ ಒಯ್ದ ಹಳೇ ಗಿರಾಕಿಗೆ ಯಾರು ಫೋನ್ ಮಾಡಿದರು? ಕೋರ್ಟಿನ ತೀರ್ಪು ಅವರ ಕೈಯಲ್ಲಿರಲಿಲ್ಲ ಎಂಬುದು ಸರಿ. ಆದರೆ ಅಂದು ಮೊದಲೇ ಬಂದ ಹಳೇ ಗಿರಾಕಿ ಮೋಸಹೋದ, ಕೊನೆಗೆ ನುಗ್ಗಿದ ಅಪರಿಚಿತ ಗೆದ್ದ. ಆ ಪಾಠವನ್ನು ಜನ ಮರೆಯಲಿಲ್ಲ.

ಐನೂರು ರೂಪಾಯಿಗೆ ಭದ್ರಾವತಿಗೆ ಹೋಗುತ್ತಾನೆ ಎಂದು ದೂರುವ ಶೋರೂಮಿನವರು ಅವನ ಕಡೆಯಿಂದ ಲೆಕ್ಕ ಹಾಕಿ ನೋಡಬೇಕು. ಶಿವಮೊಗ್ಗದಲ್ಲಿ ತಗೊಂಡರೂ ತನ್ನ ಮುಖ ಯಾರಿಗೂ ನೆನಪಿರುವುದಿಲ್ಲ, ಭದ್ರಾವತಿಯಲ್ಲಿ ತಗೊಂಡರೂ ಇರುವುದಿಲ್ಲ. ಕೆಟ್ಟ ದಿನ ಹೇಗೂ ಆಯನೂರಿನ ಶೆಡ್ಡಿಗೇ ತಳ್ಳಿಕೊಂಡು ಹೋಗಬೇಕು. ಹಾಗಿದ್ದ ಮೇಲೆ ಎರಡು ಗಾಜಿನ ಕಟ್ಟಡಗಳ ನಡುವೆ ಉಳಿಯುವ ವ್ಯತ್ಯಾಸ ಐನೂರು ರೂಪಾಯಿ ಮಾತ್ರ. ಅವನ ನಿಷ್ಠೆ ಎಲ್ಲೂ ಹೋಗಿಲ್ಲ. ಶೆಡ್ಡಿನವನ ಹತ್ತಿರ ಇದೆ. ಅದು ಮಾರಾಟದ ಲೆಕ್ಕಕ್ಕೆ ಸಿಗುವುದಿಲ್ಲ, ಯಾಕೆಂದರೆ ಶೆಡ್ಡಿನವನು ಅವರ ಲೆಕ್ಕದಲ್ಲೇ ಇಲ್ಲ. ಸಬ್ ಡೀಲರ್ ಮಾರಿದ ಗಾಡಿಯ ಬಿಲ್ ಕೂಡ ನಗರದ ಡೀಲರ್ ಹೆಸರಿನಲ್ಲೇ ಆಗುತ್ತದೆ. ಗಾಡಿಗಿಷ್ಟು ಎಂದು ಅವನಿಗೊಂದು ಪಾಲು ಬರುತ್ತದೆ. ಊರಿನಲ್ಲಿ ಅವನು ಗಳಿಸಿದ ಹೆಸರನ್ನು ಹೆದ್ದಾರಿಯ ದೊಡ್ಡ ಬೋರ್ಡು ತನ್ನದೆಂದು ಬರೆದುಕೊಳ್ಳುತ್ತದೆ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಬೆಲೆ ಇಳಿದಷ್ಟೂ ಹಳ್ಳಿಗಳಿಗೆ ಗಾಡಿಗಳು ಹೆಚ್ಚು ಬರುತ್ತವೆ. ಅವುಗಳನ್ನು ಹತ್ತು ವರ್ಷ ಓಡಿಸುವ ಹೊಣೆ ಯಾರ ತಲೆಗೆ ಬೀಳುತ್ತದೆ ಎಂದು ಈಗಲೇ ಕೇಳಬೇಕು. ಶಿವಮೊಗ್ಗದ ಡೀಲರುಗಳನ್ನು ನಾನು ಕೇಳುವುದು ಬಹಳ ಇಲ್ಲ. ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಒಬ್ಬ ಹುಡುಗನ ಕೈಯಲ್ಲಿ ಸ್ಕ್ಯಾನರ್ ಕೊಟ್ಟು ಆಯನೂರಿಗೆ ಕಳಿಸಿ. ವಾರಂಟಿಯ ಸಣ್ಣ ಕೆಲಸಗಳನ್ನು ಇಲ್ಲಿನ ಶೆಡ್ಡಿನಲ್ಲೇ ಮಾಡಿಸಿ, ಕೂಲಿ ಅವನಿಗೆ ಕೊಡಿ. ಒರಿಜಿನಲ್ ಪಾರ್ಟ್ಸನ್ನು ನಿಮ್ಮ ವರ್ಕ್‌ಶಾಪಿಗೆ ಬೀಳುವ ಬೆಲೆಗೇ ಅವನಿಗೂ ಕೊಡಿ. ಒಂದು ಸ್ವಿಚ್ಚಿಗಾಗಿ ಒಬ್ಬ ರೈತ ಲಗೇಜ್ ಆಟೋ ಬಾಡಿಗೆ, ಬಸ್ಸಿನ ಚಾರ್ಜು, ಒಂದು ದಿನದ ಕೆಲಸ ಕಳೆದುಕೊಳ್ಳುವುದನ್ನು ನಿಲ್ಲಿಸಿ.

ನನ್ನ ಅಕ್ಕನ ಮಗ ಆಯುಧಪೂಜೆಗೆ ಗಾಡಿ ತಗೊಳ್ಳಬೇಕೆಂದಿದ್ದಾನೆ. ಶಿವಮೊಗ್ಗದ ಶೋರೂಮಿನಲ್ಲೇ ಆಗಬೇಕೆಂದು ಅವನ ಹಟ. ಹೋಗು, ಆದರೆ ಬಣ್ಣ, ಮೈಲೇಜು ಕೇಳುವುದಕ್ಕೆ ಮುಂಚೆ ಒಂದು ಮಾತು ಕೇಳು ಎಂದು ಹೇಳಿ ಕಳಿಸಿದೆ: ಮಳೆಗಾಲದ ಸಂಜೆ ಸೂಡೂರು ರಸ್ತೆಯಲ್ಲಿ ಗಾಡಿ ನಿಂತರೆ ನಿಮ್ಮಲ್ಲಿ ನಾನು ಯಾರ ಹೆಸರು ಹಿಡಿದು ಫೋನ್ ಮಾಡಲಿ? ಮಾರಾಟದ ಹುಡುಗ ಒಂದು ಟೋಲ್ ಫ್ರೀ ನಂಬರ್ ಬರೆದುಕೊಟ್ಟನಂತೆ. ನಂಬರ್ ಅಲ್ಲ, ಹೆಸರು ಬೇಕು ಅಂದದ್ದಕ್ಕೆ ಮ್ಯಾನೇಜರ್‌ನ ಕೇಳಿ ಹೇಳುತ್ತೇನೆ ಎಂದು ಒಳಗೆ ಹೋದನಂತೆ. ಇವನು ಅರ್ಧ ಗಂಟೆ ಕೂತು, ಮುಂಗಡ ಕೊಡದೆ ಬಸ್ಸು ಹತ್ತಿ ಬಂದಿದ್ದಾನೆ.